ಶಾಕ್ಯರ ಊರು ತಿಲೌರಾಕೋಟ್ | ನೇಪಾಳ ವ್ಲಾಗ್

ಬಂದಾಯ್ತು ನೋಡಿ, ತಿಲೌರಾಕೋಟ್. ನೇಪಾಳದ ಕಪಿಲವಸ್ತು ಜಿಲ್ಲೆ. ಸಿದ್ಧಾರ್ಥ 29 ವರ್ಷದವರೆಗೆ ಇದ್ದ ಊರು ಇದೇ ಅಂತಾರೆ ನೇಪಾಳದವರು. ಅಲ್ಲ, ಗಡಿಯಾಚೆ ಉತ್ತರ ಪ್ರದೇಶದ ಪಿಪ್ರಾಹ್ವಾ ಅಂತಾರೆ ನಮ್ಮ ದೇಶದ ಕೆಲವರು. ಈ ಕೋಟೆ, ಕಂದಕ ನೋಡಿದ ಮೇಲೆ ನನ್ನ ಓಟು ಇಲ್ಲಿಗೇ.

ಅದಿರಲಿ, ಮೊದಲು ರಿಕ್ಷಾ ಕಥೆ ಹೇಳಲೇಬೇಕು. ತೌಲಿಹವಾ ಪೇಟೆಯಿಂದ ಇಲ್ಲಿಗೆ ಸುಮಾರು ಮೂರು ಕಿಲೋಮೀಟರ್. ಇ-ರಿಕ್ಷಾದವನು ನೂರು ಅಂದ. ಸರಿ ಅಂತ ಹತ್ತಿದೆ. ಇಳಿದು ನೇಪಾಳಿ ನೂರು ಕೊಟ್ಟರೆ, 'ಎನ್‌ಸಿ ಅಲ್ಲ, ಐಸಿ' ಅನ್ನುತ್ತಾನೆ! ಇಲ್ಲಿ ಅವರ ದುಡ್ಡು ಎನ್‌ಸಿ, ನಮ್ಮದು ಐಸಿ. ನಮ್ಮ ನೂರು ಅಂದ್ರೆ ಅವರ 160. ಹತ್ತುವಾಗಲೇ ಹೇಳೋಕೆ ಏನಾಗಿತ್ತು? ನನ್ನ ಮುಖ ನೋಡಿ ಹಾಕಿದ ರೇಟು ಅದು, ಬೇರೇನಲ್ಲ. ಬಿಸಿಲಲ್ಲಿ ನಿಂತು ಅರವತ್ತು ರೂಪಾಯಿಗೆ ವಾದ. ಕೊನೆಗೆ 130ಕ್ಕೆ ಇಳಿದ. ಆಮೇಲೆ ಅವನೇ, 'ನಿಧಾನವಾಗಿ ನೋಡಿ ಬನ್ನಿ, ಕಾಯ್ತೀನಿ' ಅಂದ. ಒಳ್ಳೆಯವನೇ ಬಿಡಿ. ವಾಪಸ್ ಹೋಗೋಕೆ ಎಷ್ಟು ಅಂತ ಮಾತ್ರ ಇನ್ನೂ ಹೇಳಿಲ್ಲ.

ಹಾಂ, ಶಾಕ್ಯರು, ಅಂದ್ರೆ ಬುದ್ಧ ಹುಟ್ಟಿದ ಕುಲ. ಇಲ್ಲಿ ಒಬ್ಬನೇ ದೊರೆ ಕೂತು ಆಳಲಿಲ್ಲ. ಕುಲದವರು ಸಂಥಾಗಾರ ಅನ್ನೋ ಸಭಾಮನೆಯಲ್ಲಿ ಸೇರಿ ತೀರ್ಮಾನ ಮಾಡುತ್ತಿದ್ದರು. ಬುದ್ಧನ ಅಪ್ಪ ಶುದ್ಧೋದನ ಅವರಲ್ಲೊಬ್ಬ ಮುಖಂಡ. ಮೇಲೆ ಕೋಸಲದ ಅರಸನ ಹಿಡಿತ ಬೇರೆ ಇತ್ತು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಪಾಲಿ ಗ್ರಂಥದಲ್ಲಿ ಒಂದು ಪ್ರಸಂಗ ಇದೆ. ಅಂಬಟ್ಠ ಅನ್ನೋ ಬ್ರಾಹ್ಮಣ ಹುಡುಗ ಆ ಸಭೆಗೆ ಹೋದನಂತೆ. ಎತ್ತರದ ಪೀಠಗಳಲ್ಲಿ ಕೂತಿದ್ದ ಶಾಕ್ಯರು ಒಬ್ಬರನ್ನೊಬ್ಬರು ಬೆರಳಲ್ಲಿ ತಿವಿದುಕೊಂಡು ನಗುತ್ತಿದ್ದರಂತೆ. ಕೂತ್ಕೋ ಅಂತ ಒಬ್ಬರೂ ಅನ್ನಲಿಲ್ಲ. ಅವನು ಹೋಗಿ ಬುದ್ಧನ ಹತ್ತಿರವೇ ದೂರಿದ! ನನ್ನ ಕೇಳಿದರೆ ಇದು ನೆಂಟರ ರಾಜ್ಯ ಅಷ್ಟೇ. ಹೊಲದಲ್ಲಿ ದುಡಿಯೋ ಆಳಿಗೆ ಆ ಸಭೆಯಲ್ಲಿ ಮಾತೇ ಇಲ್ಲ. ಆದರೂ... ಒಬ್ಬನೇ ಹೇಳಿದ್ದು ಎಲ್ಲರೂ ಕೇಳೋದಕ್ಕಿಂತ ನಾಲ್ಕು ಜನ ಕೂತು ಜಗಳ ಆಡೋದು ವಾಸಿ. ಹೋಗಲಿ, ಪಾಸ್ ಮಾರ್ಕ್ ಕೊಟ್ಟೆ.

ಈ ಇಟ್ಟಿಗೆ ಗೋಡೆ ನೋಡಿ ಮೋಸ ಹೋಗಬೇಡಿ. ಇದು ಬುದ್ಧನ ಕಾಲದ್ದಲ್ಲ, ಆಮೇಲಿನದು. ಇದರ ಅಡಿಯಲ್ಲಿ ಅಗೆದಾಗ ಮರದ ಕಂಬ ನೆಟ್ಟ ಗುಂಡಿಗಳು ಸಿಕ್ಕಿವೆ. ಮೊದಲು ಕೋಟೆ ಅಂದ್ರೆ ಮರದ ಬೇಲಿ, ಅಷ್ಟೇ.

ಅಯ್ಯೋ, ಶಾಟ್ ಮುಗೀತು. ಪೂರ್ವದ ಬಾಗಿಲಿಗೆ ನಡೀರಿ. ಸಿದ್ಧಾರ್ಥ ಮನೆ ಬಿಟ್ಟಿದ್ದು ಅಲ್ಲಿಂದಲೇ ಅಂತಾರೆ. ಬ್ಯಾಟರಿ ಅಲ್ಲೇ ಬದಲಾಯಿಸ್ತೀನಿ.