ನೋವಿಗೆ ವಿಮೆ ಇತ್ತು, ಚಟ ಬಿಡುವುದಕ್ಕೆ ಇರಲಿಲ್ಲ

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ್ದರು: ಓಪಿಯಾಯ್ಡ್ ಚಟಕ್ಕೆ ಔಷಧಿ ಇದೆ ಅಂದಮೇಲೆ ವಯಸ್ಸಾದವರಿಗೆ ಅದು ಯಾಕೆ ಸುಲಭವಾಗಿ ಸಿಗುವುದಿಲ್ಲ?

ಮೊದಲು ಬೇಗ ಬೇಗ ಎರಡು ಮಾತು. ಓಪಿಯಾಯ್ಡ್ ಅಂದರೆ ಮಾರ್ಫಿನ್, ಆಕ್ಸಿಕೋಡೋನ್, ಹೆರಾಯಿನ್ ಜಾತಿಯವು. ಚಿಕಿತ್ಸೆಗೆ ಮುಖ್ಯವಾಗಿ ಮೆಥಡೋನ್ ಮತ್ತು ಬ್ಯೂಪ್ರೆನಾರ್ಫಿನ್ ಕೊಡುತ್ತಾರೆ. ಇವು ಚಟ ನಿಲ್ಲಿಸಿದಾಗಿನ ಸಂಕಟ ತಡೆಯುತ್ತವೆ, ಸಾವಿನ ಅಪಾಯವನ್ನೂ ತಗ್ಗಿಸುತ್ತವೆ.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. ಒಬ್ಬ ಅಜ್ಜಿಗೆ ವಿಪರೀತ ನೋವು ಅಂತ ಡಾಕ್ಟರ್ ಮೆಥಡೋನ್ ಬರೆದುಕೊಟ್ಟರು ಅಂದುಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ತೆಗೆದುಕೊಳ್ಳಬಹುದಿತ್ತು, ಔಷಧಿ ವಿಮೆಯಲ್ಲಿ ಅದಕ್ಕೆ ಅವಕಾಶ ಇತ್ತು. ಅದೇ ಅಜ್ಜಿಗೆ ಅದೇ ಮೆಥಡೋನ್ ಚಟ ಬಿಡಲು ಬೇಕು ಅಂದರೆ? ವಿಮೆ ಕೈ ಎತ್ತಿಬಿಡುತ್ತಿತ್ತು!

ಯಾಕೆ ಗೊತ್ತಾ? ಚಟಕ್ಕೆ ಮೆಥಡೋನ್ ಕೊಡುವುದು ಅದಕ್ಕೆಂದೇ ಅನುಮತಿ ಪಡೆದ ಕ್ಲಿನಿಕ್‌ಗಳ ಕೆಲಸ, ಮೆಡಿಕಲ್ ಶಾಪ್ ಕೊಡುವಂತಿಲ್ಲ. ಔಷಧಿ ವಿಮೆ ಇರುವುದೋ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಔಷಧಿಗೆ. ಇನ್ನು ಆ ಕ್ಲಿನಿಕ್‌ಗಳ ಬಿಲ್ ಕಟ್ಟುವ ದಾರಿಯೇ ಮೆಡಿಕೇರ್‌ನಲ್ಲಿ ಇರಲಿಲ್ಲ. 2018ರಲ್ಲಿ ಕಾನೂನು ಬಂತು, 2020ರ ಜನವರಿ 1ರಿಂದ ಮೆಡಿಕೇರ್ ದುಡ್ಡು ಕೊಡಲು ಶುರುಮಾಡಿತು. ಆ ಕ್ಲಿನಿಕ್‌ಗಳೋ 1970ರ ದಶಕದಿಂದಲೂ ಇವೆ! ಅಷ್ಟು ವರ್ಷ ವಯಸ್ಸಾದವರು ಯಾರ ಲೆಕ್ಕಕ್ಕೂ ಬರಲಿಲ್ಲ ಅನ್ನುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ದುಡ್ಡಿನ ದಾರಿ ಆಯಿತು, ಹೋಗುವ ದಾರಿ? ಶುರುವಿನಲ್ಲಿ ಹೆಚ್ಚುಕಡಿಮೆ ದಿನಾ ಕ್ಲಿನಿಕ್‌ಗೆ ಹೋಗಬೇಕು. ಪುಟ್ಟ ಕಪ್‌ನಲ್ಲಿ ಕೊಟ್ಟಿದ್ದನ್ನು ನರ್ಸ್ ಎದುರೇ ಕುಡಿಯಬೇಕು. ನುಂಗಿದ್ದು ಖಾತ್ರಿಯಾಗಲಿ ಅಂತ ಎಷ್ಟೋ ಕಡೆ ಮಾತಾಡಿಸಿಯೂ ನೋಡುತ್ತಾರೆ. ವಾಕರ್ ಹಿಡಿದು ನಡೆಯುವವರಿಗೆ, ಡ್ರೈವಿಂಗ್ ಬಿಟ್ಟವರಿಗೆ ಇದು ಆಗುವ ಮಾತಾ? 2024ರ ನಿಯಮದಲ್ಲಿ, ಚಿಕಿತ್ಸೆಗೆ ಹೊಂದಿಕೊಂಡವರಿಗೆ 28 ದಿನದವರೆಗಿನ ಔಷಧಿಯನ್ನು ಮನೆಗೆ ಒಯ್ಯಲು ಕೊಡಬಹುದು.

ಸಮಯ ಕಡಿಮೆ ಇದೆ, ಉಳಿದದ್ದು ಚುಟುಕಾಗಿ. ಬ್ಯೂಪ್ರೆನಾರ್ಫಿನ್‌ನಲ್ಲಿ ಉಸಿರಾಟ ತೀರಾ ಕುಗ್ಗುವ ಭಯ ಕಡಿಮೆ, ಕಿಡ್ನಿ ಸೋತವರಿಗೂ ಕೊಡಬಹುದು. ಅದನ್ನು ಬರೆಯಲು ಬೇಕಿದ್ದ ವಿಶೇಷ ಪರವಾನಗಿಯನ್ನು ಅಮೆರಿಕ 2022ರ ಕೊನೆಗೆ ತೆಗೆದುಹಾಕಿತು. ಆದರೂ ಮರೆವು, ತೂಕಡಿಕೆ, ಬೀಳುವುದು ಇವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿ, ಡಾಕ್ಟರ್‌ಗಳು ಚಟದ ಬಗ್ಗೆ ಕೇಳದೇ ಬಿಡುವುದು ಜಾಸ್ತಿ. ಇನ್ನೊಂದು, ಈ ಔಷಧಿ ತೆಗೆದುಕೊಳ್ಳುವವರನ್ನು ಕೆಲವು ನರ್ಸಿಂಗ್ ಹೋಮ್‌ಗಳು ಸೇರಿಸಿಕೊಳ್ಳುವುದೇ ಇಲ್ಲ. ಅದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಅಂತ ಅಲ್ಲಿನ ನ್ಯಾಯ ಇಲಾಖೆಯೇ ಹೇಳಿದೆ. ಹಾಗಾಗಿ ಅಲ್ಲಿ ಯಾರಾದರೂ ಈ ಕಾರಣಕ್ಕೆ ಬಾಗಿಲು ಹಾಕಿದರೆ, ಕಾರಣವನ್ನು ಬರೆದುಕೊಡಿ ಅಂತ ಕೇಳಿ. ದೂರು ಕೊಡುವಾಗ ಆ ಕಾಗದ ಬೇಕಾಗುತ್ತದೆ.