ಮೀಯಿಸುವಾಗ ಒಮ್ಮೆ ಮುಟ್ಟಿ ನೋಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಪುಟ್ಟ ಮಗುವನ್ನು ಮೀಯಿಸುವುದು ಹೆಚ್ಚಾಗಿ ಅಜ್ಜಿಯ ಕೆಲಸ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಹದ ಬಿಸಿನೀರು ಹೊಯ್ಯುತ್ತಾರೆ. ನಾನಿವತ್ತು ಮಾತಾಡುವುದು ಆ ಅಜ್ಜಿಯರ ಹತ್ತಿರವೇ. ಗಂಡು ಮಗುವಿನ ಬೀಜ, ಅಂದರೆ ವೃಷಣ, ಕೆಳಗಿನ ಚೀಲಕ್ಕೆ ಇಳಿಯದೆ ಮೇಲೆಯೇ ಉಳಿಯುವ ವಿಷಯ. ನಾಚಿಕೆ ಬೇಡ, ರೇಡಿಯೋ ಆಫ್ ಮಾಡಬೇಡಿ.

ಬೀಜ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ದಾರಿಯಾಗಿ ಚೀಲಕ್ಕೆ ಇಳಿಯುತ್ತದೆ. ದಿನ ತುಂಬಿ ಹುಟ್ಟಿದ 100 ಗಂಡು ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇದು ಇಳಿದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ಹಲವರಿಗೆ ಮೊದಲ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. 6 ತಿಂಗಳು ದಾಟಿದ ಮೇಲೆ ಇಳಿಯುವುದು ಅಪರೂಪ.

ಒಬ್ಬರು 9 ವರ್ಷದ ಮಗನನ್ನು ಕರೆತಂದಿದ್ದರು. ಹೆರಿಗೆಯಾದಾಗ ಕೊಟ್ಟ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿತ್ತು. ಕಾರ್ಡು ಇಷ್ಟು ವರ್ಷ ಕಪಾಟಿನಲ್ಲಿ ಭದ್ರವಾಗಿತ್ತು. "ದೊಡ್ಡವನಾಗುವಾಗ ಸರಿಯಾಗ್ತದೆ ಅಂತ ಎಲ್ಲರೂ ಹೇಳಿದ್ರು ಡಾಕ್ಟ್ರೆ" ಅಂದರು. ಬೈಯಲು ಮನಸ್ಸಾಗಲಿಲ್ಲ. ಆ ಸಾಲನ್ನು ಕನ್ನಡದಲ್ಲೋ ತುಳುವಿನಲ್ಲೋ ಯಾರಾದರೂ ಬಿಡಿಸಿ ಹೇಳಿದ್ದರಲ್ವಾ ಅವರಿಗೆ ಗೊತ್ತಾಗುವುದು?

ಚೀಲ ಮೈಯಿಂದ ಹೊರಗಿರುವುದು ಸುಮ್ನೆ ಅಲ್ಲ. ಅಲ್ಲಿ ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ. ಮೇಲೆ ಉಳಿದ ಬೀಜ ಒಳಗಿನ ಸೆಕೆಗೆ ನಿಧಾನವಾಗಿ ಸೊರಗುತ್ತದೆ. ಎರಡೂ ಹಾಗೇ ಉಳಿದರೆ ಮುಂದೆ ಮಕ್ಕಳಾಗುವುದು ಕಷ್ಟ. ಕರುಳು ಅದೇ ದಾರಿಯಲ್ಲಿ ಜಾರಿ ಹರ್ನಿಯಾ ಆಗಬಹುದು. ಬೀಜ ತಿರುಚಿಕೊಂಡು ರಕ್ತ ಹರಿಯದೆ ನಿಲ್ಲಬಹುದು. ಆಗ 6 ಗಂಟೆಯೊಳಗೆ ಆಪರೇಷನ್ ಆಗಬೇಕು. ಹುಡುಗ ತೊಡೆಸಂದು ಹಿಡಿದುಕೊಂಡು ವಾಂತಿ ಮಾಡಿದರೆ ಬೆಳಗಾಗಲಿ ಅಂತ ಕೂರಬೇಡಿ. ಪ್ರಾಯಕ್ಕೆ ಬಂದ ಮೇಲೆ ಬೀಜದ ಕ್ಯಾನ್ಸರ್ ಬರುವ ಸಾಧ್ಯತೆಯೂ ಉಳಿದವರಿಗಿಂತ ಜಾಸ್ತಿ. ಬೇಗ ಆಪರೇಷನ್ ಆದರೆ ಅದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆಪರೇಷನ್‌ಗೆ ಒಳ್ಳೆಯ ವಯಸ್ಸು 6ರಿಂದ 18 ತಿಂಗಳು. ತೊಡೆಸಂದಿನಲ್ಲಿ ಸಣ್ಣ ಗಾಯ ಮಾಡಿ, ಬೀಜವನ್ನು ಇಳಿಸಿ ಚೀಲದಲ್ಲಿ ಹೊಲಿಗೆ ಹಾಕುತ್ತಾರೆ. ಹೆಚ್ಚಿನ ಮಕ್ಕಳು ಅವತ್ತೋ ಮರುದಿನವೋ ಮನೆಗೆ ಬರುತ್ತಾರೆ.

ಇನ್ನೊಂದು ಮಾತು. ಚಳಿಗೆ, ತಣ್ಣಗಿನ ಕೈಗೆ ಬೀಜ ಮೇಲೆ ಸರಿಯುತ್ತದೆ, ಬಿಸಿನೀರಿಗೆ ಪುನಃ ಇಳಿಯುತ್ತದೆ. ಅಂಥದ್ದಕ್ಕೆ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಅದಕ್ಕೇ ನಾನು ಅಜ್ಜಿಯರನ್ನು ಹಿಡಿದದ್ದು. ಮೀಯಿಸುವ ಹೊತ್ತಿಗಿಂತ ಒಳ್ಳೆಯ ಹೊತ್ತು ನಮ್ಮ ಕ್ಲಿನಿಕ್‌ನಲ್ಲಿ ಸಿಗುವುದಿಲ್ಲ. ಆಗಷ್ಟೇ ಹುಟ್ಟಿದ ಮಗುವಿಗೆ ಎರಡೂ ಕೈಗೆ ಸಿಗದಿದ್ದರೆ ಮಾತ್ರ 6 ತಿಂಗಳು ಕಾಯಬೇಡಿ, ಕೂಡಲೇ ತೋರಿಸಿ.

ಆ ಹುಡುಗನಿಗೆ ಆಪರೇಷನ್ ಆಯಿತು. ಬೀಜ ಸಣ್ಣದಾಗಿತ್ತು. ಹೊರಡುವಾಗ ತಂದೆ ಬಾಗಿಲ ಹತ್ತಿರ ನಿಂತು, "ಮನೆಯಲ್ಲಿ ಇವನ ತಮ್ಮ ಇದ್ದಾನೆ, 4 ತಿಂಗಳು. ಅವನನ್ನೂ ತರಲಾ?" ಅಂತ ಕೇಳಿದರು. ತನ್ನಿ ಅಂದೆ. ಮರುದಿನ ಅಜ್ಜಿಯೇ ಎತ್ತಿಕೊಂಡು ಬಂದರು, ಮೀಯಿಸಿ, ಪೌಡರ್ ಹಾಕಿ.