ಎಲ್.ಪಿ.ಯ ನಾದ, ಸಿ.ಡಿ.ಯ ನಾದ

ಕೇಳುಗರಿಗೆ ನಮಸ್ಕಾರ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಹಳೆಮನೆಗಳ ಅಟ್ಟದಿಂದ ಎಲ್.ಪಿ., ಅಂದರೆ ಲಾಂಗ್ ಪ್ಲೇ ಗ್ರಾಮಫೋನ್ ಪ್ಲೇಟುಗಳನ್ನು ಕೆಳಗಿಳಿಸಿದವರು, ‘ಸಿ.ಡಿ.ಗಿಂತ ಇದರ ನಾದವೇ ಚೆಂದ’ ಎನ್ನುವುದುಂಟು. ಲೆಕ್ಕ ಹಿಡಿದರೆ ಸಿ.ಡಿ.ಯೇ ಮುಂದೆ. ಅತಿ ಮೆಲುದನಿಗೂ ಅತಿ ಜೋರು ದನಿಗೂ ಅದರಲ್ಲಿ, ದನಿಯ ಜೋರನ್ನು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ, ಸುಮಾರು 96ರ ಅಂತರ; ಎಲ್.ಪಿ.ಯಲ್ಲಿ 70 ಸಿಕ್ಕಿದರೆ ಪುಣ್ಯ. ಗಾಯಕರು ಉಸಿರೆಳೆದು ಬರೀ ತಂಬೂರಿ ಉಳಿದಾಗ ಚರಚರ ಸದ್ದು ಮುಂದೆ ಬರುವುದು ಅದಕ್ಕೇ.

ಇನ್ನು ಪ್ಲೇಟಿನ ಕೊನೆಯ ಹಾಡು. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ಎಂಬುದು ಬದಲಾಗದು. ಆದರೆ ಹೊರ ಅಂಚಿನಲ್ಲಿ ಸೆಕೆಂಡಿಗೆ 50 ಸೆಂಟಿಮೀಟರಿನಷ್ಟು ನಾದ ಕೊರೆದ ಗೀರು ಪ್ಲೇಯರಿನ ಮುಳ್ಳಿನಡಿ ಸರಿದರೆ, ಲೇಬಲ್ಲಿನ ಹತ್ತಿರ ಸರಿಯುವುದು 21ರಷ್ಟೇ. ಅಷ್ಟೇ ನಾದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗುತ್ತದೆ. ‘ಸ’, ‘ಶ’ ಒಡೆದು ಕೇಳಿಸುತ್ತವೆ.

ಹಾಗೆಂದು ಎಲ್.ಪಿ. ಹಿತವೆನ್ನುವವರದ್ದು ಭ್ರಮೆಯೇನಲ್ಲ. 1990ರ ದಶಕದಿಂದೀಚೆಗೆ ಎಷ್ಟೋ ಸಿ.ಡಿ.ಗಳಲ್ಲಿ ಎಲ್ಲವನ್ನೂ ಒಂದೇ ಸಮ ಜೋರು ಮಾಡಿ ತುಂಬಿದರು. ತಾಳವಾದ್ಯದ ಪೆಟ್ಟಿನ ಮೊನೆಯೇ ಮೊಂಡಾಯಿತು. ಅದು ಮಾಸ್ಟರಿಂಗ್, ಅಂದರೆ ಅಚ್ಚಿಗೆ ಮುಂಚಿನ ಕೊನೆಯ ನಾದ ಹೊಂದಾಣಿಕೆ, ಮಾಡಿದವರ ಕೆಲಸ, ಸಿ.ಡಿ.ಯ ದೋಷವಲ್ಲ. ಹೋಲಿಸುವುದಾದರೆ ಮೊದಲು ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. ಒಂದೆರಡು ಡೆಸಿಬಲ್ ಜೋರಿದ್ದದ್ದೇ ಕಿವಿಗೆ ಚೆಂದ.

ಎಲ್.ಪಿ. ಕೊರೆಯುವಾಗ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ಆಂಪ್ಲಿಫಯರಿನ ಫೋನೋ ಇನ್‌ಪುಟ್ ಅದನ್ನು ಮತ್ತೆ ಸರಿಮಾಡುತ್ತದೆ. ಮುಳ್ಳನ್ನು ಹಿಡಿದಿರುವ ಭಾಗ, ಅಂದರೆ ಕಾರ್ಟ್ರಿಜ್, ಮ್ಯಾಗ್ನೆಟಿಕ್ ಆಗಿರುವ ಪ್ಲೇಯರನ್ನು ನೇರ ಸಾಮಾನ್ಯ ಇನ್‌ಪುಟ್ ಆದ ಆಕ್ಸ್‌ಗೆ ಸಿಕ್ಕಿಸಿದರೆ ಬರುವುದು ಕ್ಷೀಣವಾದ, ತಗಡಿನಂಥ ಸದ್ದು. ಮುಳ್ಳಿನ ಭಾರ ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಇರಲಿ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ. ಹಗುರಾದರೆ ಪ್ಲೇಟಿಗೆ ಒಳ್ಳೆಯದೆಂಬುದು ತಪ್ಪು. ಮುಳ್ಳು ಕುಣಿದು ಗೀರನ್ನು ಇನ್ನಷ್ಟು ಕೆಡಿಸುತ್ತದೆ.

ಆಟಿಯ ಮಳೆಗೆ ಬೂಷ್ಟು ಹಿಡಿದ ಪ್ಲೇಟನ್ನು ಹಾಗೇ ಮುಳ್ಳಿಗೆ ಕೊಡಬೇಡಿ. ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ, ಮೆತ್ತನೆಯ ಬ್ರಶ್ಶಿನಿಂದ ಗೀರಿನ ಗುಂಟ ಉಜ್ಜಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ನೆರಳಲ್ಲಿ ನಿಲ್ಲಿಸಿ. ಲೇಬಲ್ ಒದ್ದೆಯಾಗಬಾರದು. ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ ಹಳೆಯ ಪ್ಲೇಟಿಗಂತೂ ಸ್ಪಿರಿಟ್ ತಾಗಿಸಲೇಬೇಡಿ, ಅರಗು ಕರಗುತ್ತದೆ.

ಸಿ.ಡಿ.ಯನ್ನು ಸುತ್ತ ಸುತ್ತ ಒರೆಸದೆ ನಡುವಿನಿಂದ ಅಂಚಿಗೆ ಒರೆಸಿ. ಹೊಳೆಯುವ ಬದಿಯ ಸಣ್ಣ ಗೀಚನ್ನು ಯಂತ್ರ ಸುಧಾರಿಸಿಕೊಳ್ಳುತ್ತದೆ. ಹೆದರಬೇಕಾದದ್ದು ಹೆಸರು ಅಚ್ಚಾದ ಬದಿಯ ಗೀಚಿಗೆ: ಅಲ್ಯೂಮಿನಿಯಂ ಪದರ ಇರುವುದು ಅದರ ಕೆಳಗೇ, ಅದು ಎದ್ದುಹೋದರೆ ಆ ಭಾಗದ ಹಾಡು ಹೋದಂತೆಯೇ.